ಕ್ಯಾಲ್ಸಿಯಂ ಸ್ಕೋರ್ 168 ಎಂದರೆ ಎಷ್ಟು ಬ್ಲಾಕ್?

ಪ್ರಶ್ನೆ: ವೈದ್ಯರಿಗೆ ನಮಸ್ಕಾರ. ನನಗೆ 54 ವರ್ಷ. ಎದೆನೋವಾಗಲಿ, ನಡೆಯುವಾಗ ಏದುಸಿರಾಗಲಿ ಇಲ್ಲ. ಸಕ್ಕರೆ ಕಾಯಿಲೆಯಿಲ್ಲ, ಸಿಗರೇಟು ಸೇದುವುದಿಲ್ಲ. ಕೊಲೆಸ್ಟರಾಲ್ ಸ್ವಲ್ಪ ಹೆಚ್ಚಿರುವುದರಿಂದ ಸ್ಟ್ಯಾಟಿನ್ ಮಾತ್ರೆ ಆರಂಭಿಸೋಣವೆಂದು ನಮ್ಮ ವೈದ್ಯರು ಹೇಳಿದಾಗ ನಾನು ಹಿಂಜರಿದೆ. ಹಾಗಾದರೆ ಹೃದಯದ ರಕ್ತನಾಳಗಳ ಕ್ಯಾಲ್ಸಿಯಂ ಸ್ಕೋರ್ ನೋಡಿ ತೀರ್ಮಾನಿಸೋಣ ಎಂದು ಅವರು ಸಿ.ಟಿ. ಮಾಡಿಸಿದರು. ವರದಿಯಲ್ಲಿ ಒಟ್ಟು 168 ಎಂದೂ, ನನ್ನ ವಯಸ್ಸಿನ ಗಂಡಸರಲ್ಲಿ ಇದು 75ನೇ ಶತಾಂಕಕ್ಕಿಂತ (ಅಂದರೆ ನೂರರಲ್ಲಿ 75 ಜನರ ಸ್ಕೋರಿಗಿಂತ) ಮೇಲೆ ಎಂದೂ ಇದೆ. ಇದು ಎಷ್ಟು ಶೇಕಡಾ ಬ್ಲಾಕ್? ಆಂಜಿಯೋಗ್ರಾಂ ಮಾಡಿಸಿಕೊಳ್ಳಬೇಕೆ? ಹಾಲು, ಮೊಸರು ಬಿಡಬೇಕೆ?

ಉತ್ತರ (ರೇಡಿಯಾಲಜಿ ತಜ್ಞೆ): ನಮಸ್ಕಾರ. ಇಂತಹ ವರದಿಗಳನ್ನು ಬರೆಯುವುದೇ ನನ್ನ ಕೆಲಸ. ಅಂಕಿ ಬರೆದು ಅದರ ಅರ್ಥವನ್ನು ಓದುಗರಿಗೇ ಬಿಟ್ಟುಬಿಡುವ ತಪ್ಪು ನಮ್ಮ ಕಡೆಯದ್ದೂ ಹೌದು. ಆದ್ದರಿಂದ 168 ಎಂಬ ಅಂಕಿ ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳುತ್ತೇನೆ. ಅದು ತಿಳಿದರೆ ನಿಮ್ಮ ಮೂರು ಪ್ರಶ್ನೆಗಳಲ್ಲಿ ಎರಡು ತಾವಾಗಿಯೇ ಬಿದ್ದುಹೋಗುತ್ತವೆ.

ಸಿ.ಟಿ. ಚಿತ್ರದ ಪ್ರತಿ ಬಿಂದುವಿಗೂ, ಅದು ಎಕ್ಸ್-ರೇಯನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಹೇಳುವ ಹೌನ್ಸ್‌ಫೀಲ್ಡ್ ಮಾನದಲ್ಲಿ ಒಂದು ಬೆಲೆಯಿರುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000. ರಕ್ತ ಮತ್ತು ಹೃದಯದ ಸ್ನಾಯು ನೀರಿಗಿಂತ ತುಸು ಮೇಲೆ. ಕ್ಯಾಲ್ಸಿಯಂ ಇವೆಲ್ಲಕ್ಕಿಂತ ಬಹಳ ಮೇಲೆ. ಆರ್ಥರ್ ಅಗಾಟ್‌ಸ್ಟನ್ ಮತ್ತು ಸಹೋದ್ಯೋಗಿಗಳು 1990ರಲ್ಲಿ ಪ್ರಕಟಿಸಿದ ಕ್ರಮವನ್ನೇ ನಾವು ಇಂದಿಗೂ ಬಳಸುತ್ತೇವೆ. ಇ.ಸಿ.ಜಿ.ಯ ತಾಳಕ್ಕೆ ಹೊಂದಿಸಿ, ಹೃದಯ ಹೆಚ್ಚುಕಡಿಮೆ ನಿಶ್ಚಲವಾಗಿರುವ ಕ್ಷಣದಲ್ಲಿ, 3 ಮಿಲಿಮೀಟರ್ ದಪ್ಪದ ಪದರಗಳಾಗಿ ಚಿತ್ರ ತೆಗೆಯುತ್ತೇವೆ. ಇದಕ್ಕೆ ರಕ್ತನಾಳವನ್ನು ಎದ್ದು ಕಾಣಿಸುವ ಕಾಂಟ್ರಾಸ್ಟ್ ಔಷಧಿಯನ್ನು ಚುಚ್ಚುವುದಿಲ್ಲ. ಪರಿಧಮನಿಗಳ, ಅಂದರೆ ಹೃದಯಕ್ಕೇ ರಕ್ತ ಒದಗಿಸುವ ನಾಳಗಳ, ದಾರಿಯಲ್ಲಿ 130 ಅಥವಾ ಅದಕ್ಕಿಂತ ಹೆಚ್ಚು ಬೆಲೆಯ, ಕನಿಷ್ಠ 1 ಚದರ ಮಿಲಿಮೀಟರ್ ವಿಸ್ತೀರ್ಣದ ಚುಕ್ಕೆಗಳನ್ನು ಮಾತ್ರ ಕ್ಯಾಲ್ಸಿಯಂ ಎಂದು ಎಣಿಸುತ್ತೇವೆ. ಚುಕ್ಕೆಯ ಗರಿಷ್ಠ ಬೆಲೆ 130ರಿಂದ 199ರ ಒಳಗಿದ್ದರೆ ಅದರ ವಿಸ್ತೀರ್ಣವನ್ನು 1ರಿಂದ, 200ರಿಂದ 299 ಇದ್ದರೆ 2ರಿಂದ, 300ರಿಂದ 399 ಇದ್ದರೆ 3ರಿಂದ, 400 ಮುಟ್ಟಿದರೆ 4ರಿಂದ ಗುಣಿಸಿ, ಎಲ್ಲ ಪದರಗಳ ಎಲ್ಲ ಚುಕ್ಕೆಗಳನ್ನೂ ಕೂಡಿಸಿದರೆ ಸಿಗುವುದೇ ನಿಮ್ಮ 168.

ಅಂದರೆ ಇದು ಶೇಕಡಾವಾರು ಅಲ್ಲ, ಮಿಲಿಗ್ರಾಂ ಕೂಡ ಅಲ್ಲ. ರಕ್ತನಾಳದ ಗೋಡೆಯೊಳಗೆ ಎಷ್ಟು ಕ್ಯಾಲ್ಸಿಯಂ ಕೂತಿದೆ ಎಂಬುದನ್ನು ಇದು ಹೇಳುತ್ತದೆಯೇ ಹೊರತು, ರಕ್ತ ಹರಿಯುವ ದಾರಿ ಎಷ್ಟು ಕಿರಿದಾಗಿದೆ ಎಂಬುದನ್ನು ಹೇಳುವುದಿಲ್ಲ. ಇವೆರಡೂ ಒಂದೇ ಎಂದು ತೋರುವುದು ಸಹಜ. ಆದರೆ ಗೋಡೆಯಲ್ಲಿ ಪ್ಲಾಕ್ (ಕೊಬ್ಬು ಮುಂತಾದವು ಸೇರಿ ಆಗುವ ಗಂಟು) ಬೆಳೆಯುತ್ತಿದ್ದಂತೆ ರಕ್ತನಾಳ ಹೊರಮುಖವಾಗಿ ಹಿಗ್ಗಿ, ಒಳಗಿನ ದಾರಿಯನ್ನು ಬಹುಕಾಲ ಉಳಿಸಿಕೊಳ್ಳುತ್ತದೆ. ಪ್ಲಾಕ್ ನಾಳದ ಅಡ್ಡಕೊಯ್ತದ ಸುಮಾರು ಶೇ. 40ರಷ್ಟನ್ನು ಆಕ್ರಮಿಸುವವರೆಗೂ ದಾರಿ ಕಿರಿದಾಗದೆ ಇರಬಹುದೆಂದು ಸೀಮೋರ್ ಗ್ಲಾಗೋವ್ ಮತ್ತು ಸಂಗಡಿಗರು 1987ರಲ್ಲೇ ತೋರಿಸಿದ್ದರು. ಹೀಗಾಗಿ 168 ಸ್ಕೋರಿನವರಲ್ಲಿ ಎಲ್ಲಿಯೂ ಗಮನಾರ್ಹ ಬ್ಲಾಕ್ ಇಲ್ಲದೆ ಇರಬಹುದು. ಲಕ್ಷಣಗಳಿಲ್ಲದವರಿಗೆ ಈ ಅಂಕಿಯೊಂದನ್ನೇ ಆಧಾರವಾಗಿಟ್ಟುಕೊಂಡು ಆಂಜಿಯೋಗ್ರಾಂ ಮಾಡಿಸುವುದಕ್ಕೆ, ಅದರಿಂದ ಸ್ಟೆಂಟ್‌ವರೆಗೆ ಹೋಗುವುದಕ್ಕೆ, ಸಾಮಾನ್ಯವಾಗಿ ಕಾರಣವಿಲ್ಲ.

ಹಾಗಾದರೆ ಈ ಅಂಕಿಯಿಂದ ಏನು ಪ್ರಯೋಜನ? ನೀವು ಹಿಂಜರಿದ ಆ ಮಾತ್ರೆಯ ಪ್ರಶ್ನೆಗೇ ಇದು ಉತ್ತರ. ಕ್ಯಾಲ್ಸಿಯಂ ಇದೆಯೆಂದರೆ ಅಲ್ಲಿ ಪ್ಲಾಕ್ ಇದೆ. ಕಣ್ಣಿಗೆ ಕಾಣದ ಮೆದು ಪ್ಲಾಕ್ ಕೂಡ ಅದರೊಂದಿಗೆ ಇರುವುದೇ ಹೆಚ್ಚು. ಅಪಾಯವು ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಮಧ್ಯದ ವರ್ಗದಲ್ಲಿದ್ದು ತೀರ್ಮಾನ ಕಷ್ಟವಾದಾಗ ಈ ಸ್ಕೋರ್ ನೋಡಬಹುದೆಂದು ಅಮೆರಿಕದ ಹೃದ್ರೋಗ ಸಂಸ್ಥೆಗಳ 2018ರ ಕೊಲೆಸ್ಟರಾಲ್ ಮಾರ್ಗಸೂಚಿ ಹೇಳುತ್ತದೆ: 0 ಇದ್ದರೆ, ಸಕ್ಕರೆ ಕಾಯಿಲೆ, ಧೂಮಪಾನ ಅಥವಾ ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹೃದ್ರೋಗ ಇಲ್ಲದವರಿಗೆ ಸ್ಟ್ಯಾಟಿನ್ ಮುಂದೂಡಬಹುದು, 1ರಿಂದ 99 ಇದ್ದರೆ, ವಿಶೇಷವಾಗಿ 55 ದಾಟಿದವರಲ್ಲಿ, ಮಾತ್ರೆಯ ಕಡೆ ತಕ್ಕಡಿ ವಾಲುತ್ತದೆ, 100 ಅಥವಾ ಹೆಚ್ಚು, ಇಲ್ಲವೇ 75ನೇ ಶತಾಂಕ ಅಥವಾ ಮೇಲೆ ಇದ್ದರೆ ಸ್ಟ್ಯಾಟಿನ್ ಆರಂಭಿಸುವುದು ಸೂಕ್ತ. ನಿಮಗೆ ಎರಡೂ ಅನ್ವಯಿಸುತ್ತವೆ. ಔಷಧಿ ಬರೆಯುವವಳು ನಾನಲ್ಲ, ಆದರೂ ನಿಮ್ಮ ವೈದ್ಯರ ಮಾತಿಗೆ ಈಗ ನಿಮ್ಮ ರಕ್ತನಾಳದಿಂದಲೇ ಸಾಕ್ಷಿ ಸಿಕ್ಕಿದೆ ಎನ್ನದೆ ವಿಧಿಯಿಲ್ಲ.

ಶತಾಂಕದ ಬಗ್ಗೆ ಒಂದು ಎಚ್ಚರಿಕೆ. ಬಹುಪಾಲು ವರದಿಗಳು ಅದನ್ನು ಮೀಸಾ ಎಂಬ ಅಮೆರಿಕದ ಅಧ್ಯಯನದಿಂದ ತೆಗೆದುಕೊಳ್ಳುತ್ತವೆ. ಅದರಲ್ಲಿದ್ದ 6,814 ಜನ 45ರಿಂದ 84 ವಯಸ್ಸಿನವರು. ಬಿಳಿಯರು, ಕರಿಯರು, ಹಿಸ್ಪಾನಿಕ್ ಮತ್ತು ಚೀನೀ ಮೂಲದವರು. ಆ ನಾಲ್ಕು ಸಮುದಾಯಗಳಿಗೆ ಸೇರದವರು ಶತಾಂಕವನ್ನು ಒಂದು ಅಂದಾಜು ಎಂದಷ್ಟೇ ತಿಳಿಯಬೇಕು.

ಇನ್ನು ಹಾಲು, ಮೊಸರು. ಉಂಡ ಕ್ಯಾಲ್ಸಿಯಂ ಹೋಗಿ ಪರಿಧಮನಿಗೆ ಮೆತ್ತಿಕೊಳ್ಳುವುದಲ್ಲ ಇದು. ಕೊಬ್ಬು ಮತ್ತು ಉರಿಯೂತದಿಂದ ಗಾಯಗೊಂಡ ಗೋಡೆಯಲ್ಲಿ, ಅಲ್ಲಿನ ಸ್ನಾಯುಕೋಶಗಳು ಮೂಳೆಕೋಶಗಳ ಗುಣವನ್ನು ತಳೆದು ನಡೆಸುವ ಕ್ರಿಯೆ ಇದು. ಊಟದಲ್ಲಿ ಹಾಲು ಬಿಟ್ಟ ಮಾತ್ರಕ್ಕೆ ಸ್ಕೋರ್ ಇಳಿಯುವುದಿಲ್ಲ. ಮೂಳೆಗಾಗಿ ಕ್ಯಾಲ್ಸಿಯಂ ಮಾತ್ರೆ ನುಂಗುತ್ತಿದ್ದರೆ ಅದನ್ನು ಕೊಟ್ಟವರನ್ನು ಕೇಳದೆ ನಿಲ್ಲಿಸಬೇಡಿ.

ಅದೇ ಪ್ರಶ್ನಿಗರು: ವಿವರವಾದ ಉತ್ತರಕ್ಕೆ ಧನ್ಯವಾದಗಳು. ಮಾತ್ರೆ ಆರಂಭಿಸಿ, ಒಂದು ವರ್ಷದ ನಂತರ ಮತ್ತೆ ಸ್ಕೋರ್ ಮಾಡಿಸಿ, ಎಷ್ಟು ಇಳಿದಿದೆ ಎಂದು ನೋಡಬಹುದಲ್ಲವೆ?

ಉತ್ತರ: ದಯವಿಟ್ಟು ಬೇಡ. ಸ್ಟ್ಯಾಟಿನ್ ತೆಗೆದುಕೊಳ್ಳುವವರಲ್ಲಿ ಸ್ಕೋರ್ ಇಳಿಯುವುದಿರಲಿ, ಏರುವುದೇ ಸಾಮಾನ್ಯ. ಮಾತ್ರೆಯ ಪ್ರಭಾವದಿಂದ ಮೆದು ಪ್ಲಾಕ್‌ನ ಕೊಬ್ಬು ಕಡಿಮೆಯಾಗಿ, ಉಳಿದದ್ದು ಗಟ್ಟಿಯಾಗುತ್ತದೆ. ಅಗಾಟ್‌ಸ್ಟನ್ ಲೆಕ್ಕ ಗಟ್ಟಿತನಕ್ಕೆ ಹೆಚ್ಚು ಅಂಕ ಕೊಡುವುದರಿಂದ ಒಳ್ಳೆಯ ಬದಲಾವಣೆಯೂ ವರದಿಯಲ್ಲಿ ಕೆಟ್ಟದ್ದಾಗಿ ಕಾಣುತ್ತದೆ. ಕ್ಯಾಲ್ಸಿಯಂನ ಗಾತ್ರ ಸಮನಾಗಿದ್ದಾಗ ಹೆಚ್ಚು ಸಾಂದ್ರವಾದ ಪ್ಲಾಕ್ ಇರುವವರಿಗೇ ಅಪಾಯ ಕಡಿಮೆ ಎಂದು ಅದೇ ಮೀಸಾ ಅಧ್ಯಯನದ 2014ರ ವಿಶ್ಲೇಷಣೆ ತೋರಿಸಿತು. ಈ ಲೆಕ್ಕದ ದೊಡ್ಡ ಕೊರತೆ ಇದೇ ಎಂಬುದು ನನ್ನ ಅಭಿಪ್ರಾಯ.

ಅಳತೆಯ ಏರುಪೇರು ಬೇರೆ ಇದೆ. 8 ಚದರ ಮಿಲಿಮೀಟರಿನ ಚುಕ್ಕೆಯ ಗರಿಷ್ಠ ಬೆಲೆ 399 ಇದ್ದರೆ ಅದಕ್ಕೆ 24 ಅಂಕ; 401 ಆದರೆ 32. ಎರಡು ಸ್ಕ್ಯಾನ್‌ಗಳ ನಡುವೆ ಇಷ್ಟು ವ್ಯತ್ಯಾಸವಾಗಲು ರೋಗ ಬೆಳೆಯಬೇಕಾಗಿಲ್ಲ, ಪದರ ಅರ್ಧ ಮಿಲಿಮೀಟರ್ ಆಚೀಚೆಯಾದರೂ ಸಾಕು. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂಬುದನ್ನು ಎಲ್.ಡಿ.ಎಲ್. (ಕೆಟ್ಟ ಕೊಲೆಸ್ಟರಾಲ್) ರಕ್ತಪರೀಕ್ಷೆಯಿಂದ ತಿಳಿಯಿರಿ. ಒಂದು ಸ್ಕ್ಯಾನಿನ ವಿಕಿರಣ ಸುಮಾರು 1 ಮಿಲಿಸೀವರ್ಟ್, ಅಂದರೆ ಪ್ರಕೃತಿಯಿಂದ ವರ್ಷವೊಂದರಲ್ಲಿ ಬರುವುದಕ್ಕಿಂತಲೂ ಕಡಿಮೆ. ಭಯಪಡುವಂಥದ್ದಲ್ಲ, ಆದರೆ ಪ್ರಯೋಜನವಿಲ್ಲದ ಕಡೆ ಅದೂ ಹೆಚ್ಚೇ.

ಇನ್ನೊಬ್ಬ ಸದಸ್ಯರು: ನಮ್ಮ ತಂದೆಯವರಿಗೆ ಮೂರು ವರ್ಷಗಳ ಹಿಂದೆ ಎರಡು ಸ್ಟೆಂಟ್ ಹಾಕಿದ್ದಾರೆ. ಅವರಿಗೂ ಈ ಪರೀಕ್ಷೆ ಮಾಡಿಸಬಹುದೆ?

ಉತ್ತರ: ಅಗತ್ಯವಿಲ್ಲ. ರೋಗ ಇದೆಯೇ ಎಂಬುದೇ ಈ ಪರೀಕ್ಷೆಯ ಪ್ರಶ್ನೆ. ಅವರ ವಿಷಯದಲ್ಲಿ ಅದಕ್ಕೆ ಉತ್ತರ ಈಗಾಗಲೇ ಸಿಕ್ಕಿದೆ. ಸ್ಟೆಂಟಿನ ಲೋಹವೂ ಕ್ಯಾಲ್ಸಿಯಂನಂತೆಯೇ ಬೆಳ್ಳಗೆ ಹೊಳೆಯುವುದರಿಂದ ಆ ಭಾಗದ ಲೆಕ್ಕವೂ ಸರಿಯಾಗಿ ಬರುವುದಿಲ್ಲ.

ಮತ್ತೊಬ್ಬ ಸದಸ್ಯೆ: ಮೇಡಂ, ನನಗೆ 48 ವರ್ಷ. ಕಳೆದ ವರ್ಷ ನನ್ನ ಸ್ಕೋರ್ 0 ಬಂದಿತ್ತು. ಎರಡು ವಾರಗಳಿಂದ ಮೆಟ್ಟಿಲು ಹತ್ತುವಾಗ ಎದೆ ಬಿಗಿದಂತಾಗಿ, ನಿಂತರೆ ಕಡಿಮೆಯಾಗುತ್ತದೆ. ಸ್ಕೋರ್ 0 ಇರುವುದರಿಂದ ಇದು ಗ್ಯಾಸ್ ಇರಬಹುದೆಂದು ಮನೆಯವರು ಹೇಳುತ್ತಾರೆ. ಮುಂದಿನ ತಿಂಗಳು ತೋರಿಸಿದರೆ ಆದೀತೆ?

ಉತ್ತರ: ಇಲ್ಲ, ಮುಂದಿನ ತಿಂಗಳವರೆಗೆ ಕಾಯಬಾರದು. ಸೊನ್ನೆಯ ಭರವಸೆ ಲಕ್ಷಣಗಳಿಲ್ಲದವರಿಗೆ ಮಾತ್ರ. ಕ್ಯಾಲ್ಸಿಯಂ ಇನ್ನೂ ಸೇರದ ಮೆದು ಪ್ಲಾಕ್ ಈ ಸ್ಕ್ಯಾನಿಗೆ ಕಾಣುವುದೇ ಇಲ್ಲ, ಮತ್ತು ಕಡಿಮೆ ವಯಸ್ಸಿನವರಲ್ಲಿ ಹಾಗೂ ಹೆಂಗಸರಲ್ಲಿ ಅಂತಹ ಪ್ಲಾಕ್‌ನಿಂದಲೇ ತೊಂದರೆ ಬರುವುದುಂಟು. ಹೆಂಗಸರಲ್ಲಿ ಕ್ಯಾಲ್ಸಿಯಂ ಗಂಡಸರಿಗಿಂತ ಸುಮಾರು ಹತ್ತು ವರ್ಷ ತಡವಾಗಿ ಕಾಣಿಸಿಕೊಳ್ಳುತ್ತದೆ ಎಂಬುದನ್ನೂ ನೆನಪಿಡಿ. ಶ್ರಮಪಟ್ಟಾಗ ಬಂದು ನಿಂತಾಗ ಹೋಗುವ, ಹೊಸದಾಗಿ ಶುರುವಾದ ಎದೆಬಿಗಿತಕ್ಕೆ ಬೇಕಾದದ್ದು ಇ.ಸಿ.ಜಿ., ರಕ್ತಪರೀಕ್ಷೆ, ಅಗತ್ಯವಿದ್ದರೆ ಕಾಂಟ್ರಾಸ್ಟ್ ಕೊಟ್ಟು ಮಾಡುವ ಸಿ.ಟಿ. ಆಂಜಿಯೋಗ್ರಾಂ. ಹಳೆಯ ಸ್ಕೋರನ್ನು ಪಕ್ಕಕ್ಕಿಟ್ಟು ಇಂದೇ ವೈದ್ಯರನ್ನು ಕಾಣಿ. ಕೂತಿದ್ದಾಗಲೇ ಬಿಗಿತ ಬಂದರೆ, ಬೆವರಿದರೆ ಅಥವಾ ನೋವು ಕೈಗೋ ದವಡೆಗೋ ಹರಡಿದರೆ ಇಲ್ಲಿ ಬರೆಯುತ್ತಾ ಕೂರದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಮತ್ತು ಒಬ್ಬರೇ ಹೋಗಬೇಡಿ.