ಲೇಟೆನ್ಸಿಗೆ ‘ವಿಳಂಬ’ ಸರಿಯೇ? ಸ್ಟೋರೇಜ್ ಅಳತೆಯ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಲಿನಕ್ಸ್ ಕರ್ನೆಲ್‌ನಲ್ಲಿ (ಆಪರೇಟಿಂಗ್ ಸಿಸ್ಟಂನ ತಿರುಳು) ಸ್ಟೋರೇಜಿನ ಕಾರ್ಯಕ್ಷಮತೆ ಅಳೆಯುವುದು ಹೇಗೆ ಎಂಬ ಬಗ್ಗೆ ವಿದ್ಯಾರ್ಥಿಗಳಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಡಿಸ್ಕ್, ಫೈಲ್, ಕ್ಯಾಶ್, ಡ್ರೈವರ್ ಇವನ್ನೆಲ್ಲ ಹಾಗೆಯೇ ಉಳಿಸಿಕೊಂಡಿದ್ದೇನೆ. ಬಳಸುವವರ ಬಾಯಲ್ಲಿ ಅವು ಆಗಲೇ ಕನ್ನಡವಾಗಿವೆ. ಥ್ರೂಪುಟ್‌ಗೆ, ಅಂದರೆ ಸೆಕೆಂಡಿಗೆ ಆಗುವ ಕೆಲಸದ ಪ್ರಮಾಣಕ್ಕೆ, ‘ಹರಿವು’ ಎಂದಿದ್ದೇನೆ, ಅದೂ ಒಗ್ಗಿದೆ. ತೊಡಕಿರುವುದು ಲೇಟೆನ್ಸಿಯಲ್ಲಿ (ಓದುವ ಇಲ್ಲವೇ ಬರೆಯುವ ಒಂದು ಕೋರಿಕೆ ಮುಗಿಯಲು ಹಿಡಿಯುವ ಕಾಲ). ಅನುವಾದಗಳಲ್ಲಿ ಸಾಮಾನ್ಯವಾಗಿ ‘ವಿಳಂಬ’ ಎಂದು ಬರುತ್ತದೆ. ಅದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಣ ಹೇಳುತ್ತೇನೆ, ನೋಡಿ.

ವಿಳಂಬ ಎಂದರೆ ಆಗಬೇಕಾದ ಹೊತ್ತಿಗೆ ಆಗದಿರುವುದು. ಅದರಲ್ಲಿ ಒಂದು ದೂರು ಅಡಗಿದೆ. ಲೇಟೆನ್ಸಿಯಲ್ಲಿ ಅದಿಲ್ಲ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತು ಮುಗಿಸಲು 8.33 ಮಿಲಿಸೆಕೆಂಡ್ ಬೇಕು. ಓದಬೇಕಾದ ಸೆಕ್ಟರ್ (ಡಿಸ್ಕಿನ ಒಂದು ತುಣುಕು) ಅದನ್ನು ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4.17 ಮಿಲಿಸೆಕೆಂಡ್ ಹಿಡಿಯುತ್ತದೆ. ಇದೇ ರೊಟೇಷನಲ್ ಲೇಟೆನ್ಸಿ. ಡಿಸ್ಕ್ ಇಲ್ಲಿ ತಡ ಮಾಡಿಲ್ಲ, ಅದರ ಗತಿಯೇ ಅಷ್ಟು.

ಸ್ಟೋರೇಜ್ ಅಳೆಯುವ ಎಫ್‌ಐಒ (fio) ಎಂಬ ಉಪಕರಣವನ್ನು ನಿಮ್ಮಲ್ಲಿ ಕೆಲವರು ಬಳಸಿರಬಹುದು. ಲಿನಕ್ಸಿನ ಬ್ಲಾಕ್ ಲೇಯರ್ (ಡಿಸ್ಕಿಗೆ ಹೋಗುವ ಕೋರಿಕೆಗಳನ್ನು ನಿಭಾಯಿಸುವ ಭಾಗ) ನೋಡಿಕೊಳ್ಳುವ ಯೆನ್ಸ್ ಆಕ್ಸ್‌ಬೋ ಬರೆದದ್ದು. ಅದರ ವರದಿಯಲ್ಲಿ ಲೇಟೆನ್ಸಿಗೆ ಮೂರು ಸಾಲುಗಳಿರುತ್ತವೆ: ಎಸ್‌ಲ್ಯಾಟ್, ಸಿಲ್ಯಾಟ್, ಲ್ಯಾಟ್. ಕೋರಿಕೆಯನ್ನು ಕರ್ನೆಲ್‌ಗೆ ಒಪ್ಪಿಸಲು ಹಿಡಿದದ್ದು ಮೊದಲನೆಯದು, ಒಪ್ಪಿಸಿದ ಮೇಲೆ ಕೆಲಸ ಮುಗಿಯುವವರೆಗಿನದು ಎರಡನೆಯದು, ಒಟ್ಟು ಮೂರನೆಯದು. ಇವನ್ನು ‘ಸಲ್ಲಿಕೆಯ ವಿಳಂಬ’, ‘ಮುಕ್ತಾಯದ ವಿಳಂಬ’ ಎಂದು ಬರೆದು ಓದಿ ನೋಡಿ. ಯಾರೋ ಗಡುವು ಮೀರಿ ಸಲ್ಲಿಸಿದ ಹಾಗೆ, ಕೆಲಸ ನೆನೆಗುದಿಗೆ ಬಿದ್ದ ಹಾಗೆ ಕೇಳಿಸುತ್ತದೆ.

ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಇದೇ ದೊಡ್ಡದು. ಒಂದು ಎಸ್‌ಎಸ್‌ಡಿಯಲ್ಲಿ ಓದುವ ಕೋರಿಕೆಗಳಿಗೆ ಸರಾಸರಿ 90 ಮೈಕ್ರೊಸೆಕೆಂಡ್ ಹಿಡಿಯಿತು ಎಂದಿಟ್ಟುಕೊಳ್ಳಿ. ಶೇ 99ರಷ್ಟು ಕೋರಿಕೆಗಳು 120 ಮೈಕ್ರೊಸೆಕೆಂಡ್ ಒಳಗೇ ಮುಗಿದಿವೆ. ಆದರೆ ಶೇ 99.9ರ ಸಾಲಿನಲ್ಲಿ 9 ಮಿಲಿಸೆಕೆಂಡ್ ಇದೆ. ಅಂದರೆ ಸಾವಿರಕ್ಕೊಂದು ಕೋರಿಕೆ ಅದಕ್ಕಿಂತಲೂ ಹೆಚ್ಚು ಹೊತ್ತು ಕಾದಿದೆ. ಡ್ರೈವ್ ಒಳಗೊಳಗೇ ಹಳೆಯ ಬ್ಲಾಕುಗಳನ್ನು ಅಳಿಸಿ ಜಾಗ ಮಾಡಿಕೊಳ್ಳುತ್ತಿದ್ದಿರಬಹುದು, ಇಲ್ಲವೇ ಈ ಓದು ಒಂದಿಷ್ಟು ಬರಹಗಳ ಹಿಂದೆ ಸಿಕ್ಕಿಕೊಂಡಿರಬಹುದು. ವಿಳಂಬ ಎಂದರೆ ಇದು! ಡೇಟಾಬೇಸ್ ನಡೆಸುವವರನ್ನು ಕಾಡುವುದೂ ಸರಾಸರಿಯಲ್ಲ, ತೀರ ತಡವಾದ ಈ ಕೆಲವೇ ಕೋರಿಕೆಗಳ ಬಾಲ. ಮಾಮೂಲಿ 90 ಮೈಕ್ರೊಸೆಕೆಂಡನ್ನೂ ವಿಳಂಬ ಎಂದು ಕರೆದುಬಿಟ್ಟರೆ, ನಿಜವಾಗಿ ತಡವಾದದ್ದಕ್ಕೆ ನಮ್ಮ ಕೈಯಲ್ಲಿ ಯಾವ ಮಾತು ಉಳಿಯುತ್ತದೆ?

ನಾನು ಸದ್ಯಕ್ಕೆ ಬಳಸುತ್ತಿರುವುದು ‘ಹಿಡಿದ ಹೊತ್ತು’. ‘ಎಷ್ಟು ಹೊತ್ತು ಹಿಡಿಯಿತು’ ಎಂದು ದಿನವೂ ಕೇಳುತ್ತೇವಲ್ಲ, ಅಲ್ಲಿಂದ ಬಂದದ್ದು. ‘ಒಪ್ಪಿಸಲು ಹಿಡಿದ ಹೊತ್ತು’, ‘ಮುಗಿಯಲು ಹಿಡಿದ ಹೊತ್ತು’ ಎಂದು ಸಲೀಸಾಗಿ ಬರೆಯಬಹುದು. ಅನುಮಾನ ಇಷ್ಟೇ: ಹೊತ್ತು ಎಂದಾಗ ಮನಸ್ಸಿಗೆ ಬರುವುದು ತುಸು ದೀರ್ಘವಾದ ಕಾಲ. ಮೈಕ್ರೊಸೆಕೆಂಡಿನ ಪಕ್ಕ ಅದು ನಿಲ್ಲುತ್ತದೆಯೇ, ಅಥವಾ ‘ಹಿಡಿದ ಕಾಲ’ ಎನ್ನಬೇಕೇ?

ಎರಡನೆಯ ಪದ ಕ್ಯೂ ಡೆಪ್ತ್, ಅಂದರೆ ಡ್ರೈವಿಗೆ ಕೊಟ್ಟು ಇನ್ನೂ ಮುಗಿಯದಿರುವ ಕೋರಿಕೆಗಳ ಸಂಖ್ಯೆ. ‘ಸರದಿಯ ಆಳ’ ಎಂದು ಬರೆದು ಹೊಡೆದುಹಾಕಿದ್ದೇನೆ. ಕನ್ನಡದಲ್ಲಿ ಸಾಲಿಗೆ ಉದ್ದವಿರುತ್ತದೆ, ಆಳವಿರುವುದು ಬಾವಿಗೆ. ಹಾಗೆಂದು ‘ಸಾಲಿನ ಉದ್ದ’ ಎಂದರೂ ಅರ್ಥ ಕೆಡುತ್ತದೆ, ಏಕೆಂದರೆ ಈ ಲೆಕ್ಕದಲ್ಲಿ ಕಾಯುತ್ತಿರುವವುಗಳ ಜೊತೆಗೆ ಡ್ರೈವ್ ಆಗಲೇ ಕೈಗೆತ್ತಿಕೊಂಡವೂ ಸೇರುತ್ತವೆ. ಕೊಟ್ಟಾಗಿದೆ, ಇನ್ನೂ ತೀರಿಲ್ಲ. ಅದಕ್ಕೆ ನಮ್ಮಲ್ಲಿ ‘ಬಾಕಿ’ ಇದೆಯಲ್ಲ?

ಅಳತೆಯಲ್ಲಿ ಇದು ಚಿಕ್ಕ ವಿಷಯವಲ್ಲ. ಒಂದು ಕೋರಿಕೆಗೆ 100 ಮೈಕ್ರೊಸೆಕೆಂಡ್ ಹಿಡಿಯುವುದಾದರೆ, ಒಂದಾದ ಮೇಲೊಂದರಂತೆ ಕೊಟ್ಟಾಗ ಸೆಕೆಂಡಿಗೆ 10,000 ಮುಗಿಯುತ್ತವೆ. ಸದಾ 32 ಬಾಕಿ ಇರಿಸಿದರೆ, ಡ್ರೈವ್ ಅಷ್ಟನ್ನೂ ಒಟ್ಟಿಗೆ ನಿಭಾಯಿಸಬಲ್ಲದಾದರೆ, 3,20,000. ಹಿಡಿದ ಹೊತ್ತು ಮಾತ್ರ ಅದೇ 100. ಡ್ರೈವಿನ ಶಕ್ತಿ ಅಲ್ಲಿಗೇ ಮುಗಿದಿದ್ದರೆ, ಬಾಕಿಯನ್ನು 64ಕ್ಕೆ ಏರಿಸಿದಾಗ ಹರಿವು ಹೆಚ್ಚದು, ಪ್ರತಿ ಕೋರಿಕೆಗೂ 200 ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಹಾಗಾಗಿ ಬಾಕಿ ಎಷ್ಟಿತ್ತು ಎಂದು ಹೇಳದೆ ಬರೀ ‘ವೇಗ’ ಎಂದು ಬರೆದ ವರದಿಯಿಂದ ಏನೂ ತಿಳಿಯದು. ಸಾಟಾ (ಹಳೆಯ ಬಗೆಯ ಸಂಪರ್ಕ) ಡಿಸ್ಕುಗಳಲ್ಲಿ ಸರದಿ ಒಂದೇ, ಅದರಲ್ಲಿ 32 ಕೋರಿಕೆಗಳಿಗಷ್ಟೇ ಜಾಗ. ಎಸ್‌ಎಸ್‌ಡಿಗಳಿಗಾಗಿ ಬಂದ ಎನ್‌ವಿಎಂಇ ಸಂಪರ್ಕದಲ್ಲಿ ಸಾವಿರಾರು ಸರದಿಗಳಿಗೆ ಅವಕಾಶವಿದೆ. ಇದಕ್ಕೆ ತಕ್ಕಂತೆ ಲಿನಕ್ಸ್ ಕೂಡ 2014ರ 3.13ನೇ ಆವೃತ್ತಿಯಿಂದ ಬಹುಸರದಿಯ ಬ್ಲಾಕ್ ಲೇಯರ್ ತಂದಿತು. ಕ್ಯೂ ಡೆಪ್ತ್ ಎಂದು ಎಫ್‌ಐಒಗೆ ನಾವು ಕೊಡುವ ಸಂಖ್ಯೆ ಮೇಲ್ಮಿತಿ ಮಾತ್ರ; ಅದನ್ನು ‘ಬಾಕಿ ಮಿತಿ’ ಎನ್ನಬಹುದೇ?

ಕೊನೆಯದು ಒಂದು ಕ್ರಿಯಾಪದ. ಪ್ರೋಗ್ರಾಂ ಫೈಲಿಗೆ ಬರೆಯಲು ಕೊಟ್ಟಾಗ ಕರ್ನೆಲ್ ಸಾಮಾನ್ಯವಾಗಿ ಅದನ್ನು ಪೇಜ್ ಕ್ಯಾಶಿನಲ್ಲಿ, ಅಂದರೆ ಮೆಮೊರಿಯಲ್ಲಿ ಇಟ್ಟುಕೊಂಡು ‘ಆಯಿತು’ ಎನ್ನುತ್ತದೆ. ಡಿಸ್ಕಿಗೆ ಹೋಗುವುದು ಆಮೇಲೆ. ಮಾಮೂಲಿ ಹಾರ್ಡ್ ಡಿಸ್ಕಿನ ಮೇಲೆ ಸೆಕೆಂಡಿಗೆ 2 ಗಿಗಾಬೈಟ್ ಬರೆದೆವೆಂದು ಅಂಕಿ ಬಂದರೆ, ಅಳೆದದ್ದು ಡಿಸ್ಕನ್ನಲ್ಲ, ಮೆಮೊರಿಯನ್ನು. ನಾವು ‘ಬರೆದಾಯಿತು’ ಎಂದರೆ ಕೆಲಸ ಪೂರ್ತಿ ತೀರಿತು ಎಂದೇ ಅರ್ಥ. ಅದಕ್ಕಾಗಿ ‘ಡಿಸ್ಕಿಗೆ ತಲುಪಿಸು’ ಎಂದು ಕರ್ನೆಲ್‌ಗೆ ಹೇಳುವ ಎಫ್‌ಸಿಂಕ್ ಕರೆ ಮರಳಿದ ಮೇಲಷ್ಟೇ ‘ಬರೆದಾಯಿತು’, ಅದಕ್ಕೆ ಮುಂಚಿನದೆಲ್ಲ ‘ಬರೆಯಲು ಒಪ್ಪಿಸಿದೆ’ ಎಂದು ಕೈಪಿಡಿಯುದ್ದಕ್ಕೂ ಪಾಲಿಸುತ್ತಿದ್ದೇನೆ. ಓದುವವರಿಗೆ ಈ ವ್ಯತ್ಯಾಸ ವಿವರಣೆಯಿಲ್ಲದೆ ತಾನಾಗಿ ಹೊಳೆಯುತ್ತದೆಯೇ, ಅಥವಾ ಮೊದಲ ಅಧ್ಯಾಯದಲ್ಲೇ ಹೇಳಿಬಿಡಬೇಕೇ? ತಿಳಿಸಿ.