ಬ್ಲೋವರ್ 4ರಲ್ಲಿ ಮಾತ್ರ ಓಡ್ತಿದೆ, ಮೋಟಾರ್ ಬದಲಿಸಬೇಕಾ?

ಪ್ರಶ್ನೆ: ಸರ್, ಮ್ಯಾನ್ಯುಯಲ್ ಎಸಿ ಇರೋ ಪೆಟ್ರೋಲ್ ಕಾರು. ಬ್ಲೋವರ್ 1, 2, 3ರಲ್ಲಿ ಗಾಳಿನೇ ಇಲ್ಲ, 4ಕ್ಕೆ ತಿರುಗಿಸಿದ್ರೆ ಜೋರಾಗಿ ಬರುತ್ತೆ. ಗ್ಯಾರೇಜಲ್ಲಿ ಮೋಟಾರೇ ಹಾಕ್ಬೇಕು ಅಂತಿದ್ದಾರೆ.

ಉತ್ತರ (ಆಟೋ ಎಲೆಕ್ಟ್ರಿಷಿಯನ್): ಬೇಡ. ಮೋಟಾರ್ ಸುಟ್ಟಿದ್ರೆ 4ರಲ್ಲೂ ತಿರುಗ್ತಿರಲಿಲ್ಲ. ನಿಮ್ಮ ಗಾಡೀಲಿ ಹೋಗಿರೋದು ಬ್ಲೋವರ್ ರೆಸಿಸ್ಟರ್, ಅಂದ್ರೆ ಕರೆಂಟ್ ತಡೆದು ಸ್ಪೀಡ್ ಇಳಿಸೋ ಭಾಗ. ಕೆಳಗಿನ ಮೂರು ಸ್ಪೀಡಿಗೂ ಕರೆಂಟ್ ಅದರ ಮೂಲಕವೇ ಹೋಗುತ್ತೆ, 4ರಲ್ಲಿ ಅದನ್ನ ಬಿಟ್ಟು ನೇರ ಮೋಟಾರಿಗೆ. ಒಳಗಿನ ಥರ್ಮಲ್ ಫ್ಯೂಸ್ (ಜಾಸ್ತಿ ಬಿಸಿಯಾದ್ರೆ ಕರೆಂಟ್ ಕಡಿಯೋ ಫ್ಯೂಸ್) ಹೋದ್ರೆ ಮೂರೂ ಒಟ್ಟಿಗೆ ನಿಲ್ಲುತ್ತೆ. ಒಂದೇ ಸ್ಪೀಡ್ ಹೋಗಿದ್ರೆ ಸ್ವಿಚ್ಚೂ ನೋಡಬೇಕಿತ್ತು.

ಬಹುತೇಕ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ, ಬ್ಲೋವರ್ ಪಕ್ಕ ಸ್ಕ್ರೂ ಹಾಕಿ ಕೂರಿಸಿರ್ತಾರೆ. ಇಗ್ನಿಷನ್ ಆಫ್ ಮಾಡಿ, ತಣ್ಣಗಾದ ಮೇಲೆ ಬಿಚ್ಚಿ. ಮಲ್ಟಿಮೀಟರಲ್ಲಿ ಪಿನ್‌ಗಳ ನಡುವೆ ಕೆಲವೇ ಓಮ್ ತೋರಿಸಬೇಕು, ಓಪನ್ (OL, ಅಂದ್ರೆ ಒಳಗೆ ಕಡಿದಿದೆ) ಬಂದ್ರೆ ಹೋಗಿದೆ ಅಂತಲೇ. ಫ್ಯೂಸ್ ಜಾಗಕ್ಕೆ ತಂತಿ ಬೆಸೆದು ಕೊಡೋರಿದ್ದಾರೆ, ಒಪ್ಪಬೇಡಿ; ಡ್ಯಾಶ್‌ಬೋರ್ಡಿಗೆ ಬೆಂಕಿ ಹತ್ತದೇ ಇರೋಕೆ ಇಟ್ಟಿರೋ ಫ್ಯೂಸ್ ಅದು.

ಪ್ರಶ್ನೆ: ಬಿಚ್ಚಿದೆ ಸರ್. ಕನೆಕ್ಟರ್‌ನ ಒಂದು ಪಿನ್ ಹತ್ರ ಪ್ಲಾಸ್ಟಿಕ್ ಕರಗಿದೆ. ರೆಸಿಸ್ಟರ್ ಹೊಸದು ಹಾಕಿದ್ರೆ ಸಾಕಾ?

ಉತ್ತರ: ಸಾಲದು. ಸಡಿಲ ಪಿನ್ ಮತ್ತೆ ಕಾಯ್ದು ಹೊಸ ರೆಸಿಸ್ಟರನ್ನೂ ತಿನ್ನುತ್ತೆ. ವೈರ್ ಸಮೇತ ಕನೆಕ್ಟರ್ ಸಿಗುತ್ತೆ, ಅಷ್ಟೇ ದಪ್ಪದ ವೈರ್ ನೋಡಿ ಕ್ರಿಂಪ್ ಮಾಡಿಸಿ (ಲೋಹದ ತುಂಡಲ್ಲಿ ಒತ್ತಿ ಜೋಡಿಸೋದು). ಜೊತೆಗೆ ಕ್ಯಾಬಿನ್ ಫಿಲ್ಟರ್ (ಒಳಗೆ ಬರೋ ಗಾಳಿಯ ಧೂಳು ಸೋಸೋದು) ತೆಗೆದು ನೋಡಿ. ರೆಸಿಸ್ಟರ್ ತಣ್ಣಗಾಗೋದು ಬ್ಲೋವರ್ ಗಾಳಿಯಿಂದಲೇ. ಧೂಳು, ಎಲೆ ಕಟ್ಟಿಕೊಂಡ್ರೆ ಕಾಯುತ್ತೆ. ಬ್ಲೋವರ್ ಚಕ್ರ ಕೈಯಲ್ಲಿ ತಿರುಗಿಸಿ: ಬಿಗಿ ಇದ್ರೆ, ಕಿರ್ ಅಂದ್ರೆ ಮೋಟಾರ್ ಜಾಸ್ತಿ ಕರೆಂಟ್ ಎಳೀತಿದೆ. ಆಗ ಮಾತ್ರ ಗ್ಯಾರೇಜಿನವರ ಮಾತು ಸರಿ.

ಇನ್ನೊಬ್ಬರ ಪ್ರಶ್ನೆ: ನಮ್ಮದರಲ್ಲಿ ಎಲ್ಲಾ ಸ್ಪೀಡೂ ಇದೆ. ಹೈವೇಲಿ ಒಂದು ಗಂಟೆ ಓಡಿಸಿದ್ಮೇಲೆ ಬ್ಲೋವರ್ ಸದ್ದು ಹಾಗೇ ಇದ್ದು ಗಾಳಿ ಮಾತ್ರ ಕಮ್ಮಿ ಆಗುತ್ತೆ. ಗ್ಯಾಸ್ ಹಾಕಿಸ್ಲಾ?

ಉತ್ತರ: ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ತಿದೆ. ಹಾಗಾದಾಗ ಎಸಿ ಬಟನ್ ಆಫ್ ಮಾಡಿ, ಬ್ಲೋವರ್ 4ರಲ್ಲಿ 10–15 ನಿಮಿಷ ಬಿಡಿ. ಗಾಳಿ ವಾಪಸ್ ಬಂದು ಕಾರಿನ ಕೆಳಗೆ ನೀರು ಸುರಿದ್ರೆ ಅದೇ ಖಚಿತ. ಮೊದಲು ಕ್ಯಾಬಿನ್ ಫಿಲ್ಟರ್, ಆಮೇಲೆ ಕಾಯಿಲ್ ಹತ್ರದ ಥರ್ಮಿಸ್ಟರ್ ಅನ್ನೋ ಟೆಂಪರೇಚರ್ ಸೆನ್ಸರ್ ನೋಡಿಸಿ: ಕಾಯಿಲ್ 0 ಡಿಗ್ರಿ ಹತ್ರ ಬಂದಾಗ ಕಂಪ್ರೆಸರ್ ಕಟ್ ಮಾಡಿಸೋದು ಅದೇ. ಗ್ಯಾಸ್ ಸ್ವಲ್ಪ ಕಮ್ಮಿ ಇದ್ರೂ ಐಸ್ ಕಟ್ಟುತ್ತೆ, ಆದ್ರೆ ಅದು ಪೆಟ್ರೋಲ್ ಥರ ಖರ್ಚಾಗಲ್ಲ. ಕಮ್ಮಿ ಆಗಿದ್ರೆ ಲೀಕ್ ಹಿಡಿಸಿ, ವ್ಯಾಕ್ಯೂಮ್ ಮಾಡಿಸಿ (ಎಸಿ ಪೈಪಿನ ಒಳಗಿನ ಗಾಳಿ ಪೂರ್ತಿ ಎಳೆಸಿ), ಬಾನೆಟ್ ಒಳಗಿನ ಸ್ಟಿಕ್ಕರಲ್ಲಿ ಬರೆದಷ್ಟು ಗ್ರಾಂ ತೂಕ ಮಾಡಿ ತುಂಬಿಸಿ.