ಪದಚರ್ಚೆ: ಕಾನ್‌ಫೆಡರೇಶನ್‌ಗೂ ಒಕ್ಕೂಟ, ಫೆಡರೇಶನ್‌ಗೂ ಒಕ್ಕೂಟ ಅಂದ್ರೆ ಹೇಗೆ?

ಎಲ್ರಿಗೂ ನಮಸ್ಕಾರ,

ಒಂದು ಪದದ ವಿಷಯಕ್ಕೆ ಎರಡು ವಾರದಿಂದ ನಮ್ಮನೇಲಿ ಜಗಳ ನಡೀತಿದೆ, ಇಲ್ಲಿ ಬಲ್ಲವರಿದ್ದೀರಿ ಅಂತ ಹಾಕ್ತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾವಿರೋದು ಮೇರಿಲ್ಯಾಂಡ್‌ನಲ್ಲಿ. ಮಗಳು 8ನೇ ಕ್ಲಾಸು, ಸ್ಕೂಲಲ್ಲಿ ಅಮೆರಿಕದ ಇತಿಹಾಸ ನಡೀತಿದೆ, ಭಾನುವಾರದ ಕನ್ನಡ ಕ್ಲಾಸಲ್ಲಿ ಪ್ರತಿಯೊಬ್ರೂ ಸ್ಕೂಲಲ್ಲಿ ಕಲಿತಿದ್ದರಲ್ಲಿ ಯಾವ್ದಾದ್ರೂ ಒಂದನ್ನ ಐದು ನಿಮಿಷ ಕನ್ನಡದಲ್ಲಿ ಹೇಳಬೇಕು. ಇವಳು ಆರಿಸ್ಕೊಂಡಿದ್ದು ಆರ್ಟಿಕಲ್ಸ್ ಆಫ್ ಕಾನ್‌ಫೆಡರೇಶನ್. ಅಂದ್ರೆ ಈಗಿನ ಸಂವಿಧಾನ ಬರೋಕೆ ಮುಂಚೆ, 1781ರಿಂದ 1789ರ ತನಕ, ಹದಿಮೂರು ಸಂಸ್ಥಾನಗಳು ಸೇರ್ಕೊಂಡು ಹೇಗೋ ಸಂಸಾರ ತೂಗಿಸಿದ್ವಲ್ಲ, ಆ ಕಾಲದ ದಸ್ತಾವೇಜು. ಕಾಂಗ್ರೆಸ್, ಅಂದ್ರೆ ಸಂಸ್ಥಾನಗಳ ಪ್ರತಿನಿಧಿಗಳ ಸಭೆ, ಅದನ್ನ ಒಪ್ಪಿದ್ದು 1777ರ ನವೆಂಬರ್ 15ಕ್ಕೆ, ಆದ್ರೆ ಜಾರಿಗೆ ಬಂದಿದ್ದು 1781ರ ಮಾರ್ಚ್ 1ಕ್ಕೆ, ಮಧ್ಯೆ ಮೂರು ವರ್ಷ ತಡ ಆಗಿದ್ದಕ್ಕೆ ನಮ್ಮ ಮೇರಿಲ್ಯಾಂಡೇ ಕಾರಣ, ವರ್ಜೀನಿಯದಂಥವರು ಪಶ್ಚಿಮದ ಜಮೀನೆಲ್ಲ ತಮ್ದು ಅಂತಿದ್ರಲ್ಲ ಅದನ್ನ ಬಿಟ್ಟುಕೊಡೋ ತನಕ ಸಹಿ ಹಾಕಲ್ಲ ಅಂತ ಇವರು ಪಟ್ಟು ಹಿಡಿದು ಕೂತಿದ್ರು.

ಸರಿ, ಪದಕ್ಕೆ ಬರ್ತೀನಿ. ಮಗಳು ಕಂಪ್ಯೂಟರಲ್ಲಿ ಅನುವಾದ ಮಾಡ್ಕೊಂಡು ಮೇಲ್ಗಡೆ ದಪ್ಪಕ್ಷರದಲ್ಲಿ ‘ಒಕ್ಕೂಟದ ಲೇಖನಗಳು’ ಅಂತ ಬರ್ಕೊಂಡು ಬಂದ್ಲು. ನಮ್ಮತ್ತೆ ಊರಿಂದ ಬಂದಿದ್ದಾರೆ, ಹಾಸನದ ಕಡೆ ಮೂವತ್ತು ವರ್ಷ ಸಮಾಜ ಪಾಠ ಮಾಡಿದವರು, ಮೆಂತ್ಯ ಸೊಪ್ಪು ಬಿಡಿಸ್ತಾ ಕೂತಿದ್ರು, ಹಾಳೆ ನೋಡಿ ‘ಯಾವ ಪೇಪರಲ್ಲಿ ಬಂದಿತ್ತು ಪುಟ್ಟಿ ಈ ಲೇಖನ?’ ಅಂದ್ರು. ಅಲ್ಲಿಂದ ಶುರು.

ಲೇಖನದ ಸಮಸ್ಯೆ ದೊಡ್ಡದಲ್ಲ. ನಮ್ಮ ಸಂವಿಧಾನದ ಕನ್ನಡದಲ್ಲಿ ಅನುಚ್ಛೇದ ಇದೆ, ಪೇಪರ್‌ನವರು ವಿಧಿ ಅಂತಾರೆ. ನನಗೆ ಎರಡೂ ಬೇಡ. ಅನುಚ್ಛೇದ, ವಿಧಿ ಅಂದ್ರೆ ಮೇಲಿಂದ ಬಂದ ಕಾನೂನಿನ ವಾಸನೆ. ಇದು ಹದಿಮೂರು ಜನ ಸಮಸಮ ಕೂತು ಬರ್ಕೊಂಡ ಪತ್ರ, ಒಳಗಿರೋದೂ ಹದಿಮೂರೇ ಕಲಮು, ಹಾಗಾಗಿ ‘ಕರಾರು’ ಅಂದ್ರೆ ಒಪ್ಪುತ್ತೆ ಅಂತ ನನ್ನ ಅನಿಸಿಕೆ. ಅತ್ತೆಗೂ ಒಪ್ಪಿಗೆ.

ಒಕ್ಕೂಟ ಇದೆಯಲ್ಲ, ಅದು ಕಷ್ಟ. ಕನ್ನಡದಲ್ಲಿ ಯೂನಿಯನ್‌ಗೆ ಒಕ್ಕೂಟ (ಭಾರತ ರಾಜ್ಯಗಳ ಒಕ್ಕೂಟ), ಫೆಡರೇಶನ್‌ಗೆ ಒಕ್ಕೂಟ, ಹಾಲಿನ ಒಕ್ಕೂಟ, ಸ್ತ್ರೀಶಕ್ತಿ ಸಂಘಗಳ ಒಕ್ಕೂಟ, ಈಗ ಕಾನ್‌ಫೆಡರೇಶನ್‌ಗೂ ಒಕ್ಕೂಟ. ಇಷ್ಟು ದಿನ ನಡೀತು, ಆದ್ರೆ ಈ ಪಾಠದಲ್ಲಿ ನಡೆಯಲ್ಲ, ಯಾಕಂದ್ರೆ ಇಡೀ ಪಾಠ ಇರೋದೇ ಮೊದಲನೇದಕ್ಕೂ (1781ರ ಕಾನ್‌ಫೆಡರೇಶನ್) ಎರಡನೇದಕ್ಕೂ (ಈಗಿನ ಸಂವಿಧಾನದ ಫೆಡರೇಶನ್) ಇರೋ ವ್ಯತ್ಯಾಸದಲ್ಲಿ. ‘ಒಕ್ಕೂಟ ಗಟ್ಟಿ ಇರಲಿಲ್ಲ, ಹಾಗಾಗಿ ಒಕ್ಕೂಟ ಮಾಡ್ಕೊಂಡ್ರು’ ಅಂದ್ರೆ ಕೇಳಿದ ಮಕ್ಕಳು ಏನ್ ತಿಳ್ಕೋಬೇಕು? ಇನ್ನೂ ತಮಾಷೆ ಅಂದ್ರೆ ಆ ದಸ್ತಾವೇಜಿನ ಪೂರ್ತಿ ಹೆಸರಲ್ಲಿ ಕಾನ್‌ಫೆಡರೇಶನ್ ಜತೆಗೇ ‘ಪರ್ಪೆಚುಯಲ್ ಯೂನಿಯನ್’ ಅಂತಾನೂ ಇದೆ, ಅಂದ್ರೆ ‘ಒಕ್ಕೂಟದ ಮತ್ತು ನಿರಂತರ ಒಕ್ಕೂಟದ ಕರಾರುಗಳು’ ಅಂತ ಓದಬೇಕಾಗುತ್ತೆ. ಯೂನಿಯನ್‌ಗೆ ಬೇರೆ ಪದ ಹಾಕೋಣ, ‘ನಿರಂತರ ಐಕ್ಯ’ ಅಂತ ನಮ್ಮ ಯಜಮಾನ್ರು ಸೂಚಿಸಿದ್ರು, ಅತ್ತೆ ‘ಯಾರೋ ಸ್ವಾಮಿಗಳು ಲಿಂಗೈಕ್ಯ ಆದ ಹಾಗಿದೆ’ ಅಂದಮೇಲೆ ಆ ಮಾತು ಅಲ್ಲಿಗೇ ನಿಂತ್ಹೋಯ್ತು.

ಆಮೇಲೆ ನಾನು ಪದ ಒಡೆದು ನೋಡಿದೆ. ಒಕ್ಕೊರಲು ಅಂದ್ರೆ ಒಂದು ಕೊರಲು, ಒಮ್ಮತ ಅಂದ್ರೆ ಒಂದು ಮತ, ಒಗ್ಗಟ್ಟು ಅಂದ್ರೆ ಒಂದು ಕಟ್ಟು, ಹಾಗೇ ಒಕ್ಕೂಟ ಅಂದ್ರೆ ಒಂದು ಕೂಟ. ಮುಂದಿರೋ ಆ ‘ಒ’ದಲ್ಲೇ ‘ಒಂದು’ ಕೂತಿದೆ. 1781ರ ಏರ್ಪಾಡಲ್ಲಿ ಇಲ್ಲದೇ ಇದ್ದಿದ್ದೇ ಆ ಒಂದು! ಎರಡನೇ ಕರಾರಲ್ಲೇ ಹೇಳ್ತಾರೆ, ಪ್ರತಿ ಸಂಸ್ಥಾನವೂ ತನ್ನ ಸಾರ್ವಭೌಮತ್ವ, ಸ್ವಾತಂತ್ರ್ಯ ಉಳಿಸ್ಕೊಳ್ಳುತ್ತೆ ಅಂತ. ಒಂದೊಂದು ಸಂಸ್ಥಾನ ಎರಡರಿಂದ ಏಳು ಜನ ಪ್ರತಿನಿಧಿಗಳನ್ನ ಕಳಿಸಬಹುದು, ಎಷ್ಟೇ ಜನ ಬಂದ್ರೂ ಓಟು ಒಂದೇ, ಬೇಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ವಾಪಸ್ ಕರೆಸ್ಕೋಬಹುದು. ಯುದ್ಧ, ಸಾಲ, ಒಪ್ಪಂದ ಇಂಥದ್ದಕ್ಕೆಲ್ಲ ಒಂಬತ್ತು ಸಂಸ್ಥಾನ ಹೂಂ ಅನ್ನಬೇಕು. ಬ್ರಿಟನ್ ಜತೆಗಿನ ಪ್ಯಾರಿಸ್ ಒಪ್ಪಂದಕ್ಕೆ 1783ರ ಸೆಪ್ಟೆಂಬರಲ್ಲಿ ಸಹಿ ಬಿದ್ದಿತ್ತು, ಅದನ್ನ ಅಂಗೀಕರಿಸೋಕೆ ಇಲ್ಲೇ ಅನಾಪೊಲಿಸ್‌ನಲ್ಲಿ ಕಾಂಗ್ರೆಸ್ ಸೇರಿದ್ರೆ ಒಂಬತ್ತು ಸಂಸ್ಥಾನದವರು ಬಂದಿರಲೇ ಇಲ್ಲ, ಚಳಿಗಾಲದಲ್ಲಿ ಕಾದು ಕಾದು ಕೊನೆಗೆ 1784ರ ಜನವರಿ 14ಕ್ಕೆ ಮುಗಿಸಿದ್ರು. ಸ್ವಾತಂತ್ರ್ಯ ಗೆದ್ದ ಪತ್ರಕ್ಕೇ ಕೋರಂ ಇಲ್ಲ ನೋಡಿ. ಇದನ್ನ ಒಕ್ಕೂಟ ಅಂದ್ರೆ ಇಲ್ಲದ ‘ಒಂದ’ನ್ನ ನಾವೇ ಕೊಟ್ಟ ಹಾಗಾಗಲ್ವಾ?

ಹಾಗಾದ್ರೆ ಏನನ್ನಬೇಕು? ಮೂರನೇ ಕರಾರಲ್ಲಿ ಅವರೇ ತಮ್ಮ ಏರ್ಪಾಡನ್ನ ‘ಫರ್ಮ್ ಲೀಗ್ ಆಫ್ ಫ್ರೆಂಡ್‌ಶಿಪ್’ ಅಂತ ಕರ್ಕೊಂಡಿದ್ದಾರೆ. ಫ್ರೆಂಡ್‌ಶಿಪ್ ಮೈತ್ರಿ, ಲೀಗ್ ಕೂಟ, ಅಂದ್ರೆ ಮೈತ್ರಿಕೂಟ! ಪದ ರೆಡಿಯಾಗಿ ಕೂತಿದೆ. ನನಗಂತೂ ಖುಷಿಯಾಗಿ ಕುಣಿದಾಡೋ ಹಾಗಾಯ್ತು. ಆದ್ರೆ ಮಗಳೇ ‘ಅಮ್ಮ, ಅದು ಎಲೆಕ್ಷನ್‌ದು ಅಲ್ವಾ’ ಅಂದ್ಲು, ಅಜ್ಜಿ ಜತೆ ಕನ್ನಡ ಟಿವಿ ನೋಡಿದ ಫಲ. ಪಕ್ಷಗಳ ಮೈತ್ರಿಕೂಟ, ಸೀಟು ಹಂಚಿಕೆ, ಮುನಿಸು ಅಂತ ಟಿವಿಯವರು ಆ ಪದನ ಎಷ್ಟು ಸವೆಸಿಬಿಟ್ಟಿದ್ದಾರೆ ಅಂದ್ರೆ ಈಗ ಸಂಸ್ಥಾನಗಳಿಗೆ ತೊಡಿಸಿದ್ರೆ ಅಳತೆ ಕೂರಲ್ಲ. ಬರೀ ‘ಕೂಟ’ ಅಂದ್ರೆ? ಸಂತೋಷಕೂಟ ನೆನಪಾಗುತ್ತೆ. ‘ಸಂಸ್ಥಾನಗಳ ಕೂಟ’ ಅಂದ್ರೆ ಪರವಾಗಿಲ್ವೇನೋ. ಹಿಂದಿಯವರು ಪರಿಸಂಘ ಅಂತಾರೆ, ಅದನ್ನ ಎತ್ಕೊಂಡು ಬರೋದು ಸುಲಭ, ಆದ್ರೆ ಹದಿಮೂರು ವರ್ಷದ ಮಗು ಅದನ್ನ ಹೇಳಿದ್ರೆ ಯಾರಿಗೆ ಅರ್ಥ ಆಗುತ್ತೆ.

ಇನ್ನೊಂದು ಪದ ಅತ್ತೆ ಕೊಟ್ಟಿದ್ದು, ಇದಕ್ಕಂತೂ ಚರ್ಚೆನೇ ಬೇಡ. ಆ ಕಾಂಗ್ರೆಸ್‌ಗೆ ತೆರಿಗೆ ಹಾಕೋ ಅಧಿಕಾರ ಇರಲಿಲ್ಲ, ಒಟ್ಟು ಖರ್ಚನ್ನ ಸಂಸ್ಥಾನಗಳ ಜಮೀನಿನ ಬೆಲೆ ಪ್ರಕಾರ ಪಾಲು ಹಾಕಿ ಇಷ್ಟಿಷ್ಟು ಕೊಡಿ ಅಂತ ಕೇಳಬೇಕು, ವಸೂಲಿ ಮಾಡಿ ಕಳಿಸೋದು ಬಿಡೋದು ಆಯಾ ಸಂಸ್ಥಾನದ ಇಷ್ಟ. ಇಂಗ್ಲಿಷಲ್ಲಿ ಅದು ರೆಕ್ವಿಸಿಷನ್. ನಾನು ಕೋರಿಕೆ, ಬೇಡಿಕೆ ಅಂತೆಲ್ಲ ತಡಕಾಡ್ತಿದ್ದೆ, ಅತ್ತೆ ಸೊಪ್ಪಿನ ಕಡ್ಡಿ ಪಕ್ಕಕ್ಕಿಟ್ಟು ‘ಅದು ವಂತಿಗೆ ಕಣಮ್ಮ’ ಅಂದ್ರು. ‘ಜಾತ್ರೆಗೆ ಪುಸ್ತಕ ಹಿಡ್ಕೊಂಡು ಮನೆಮನೆಗೂ ಬರಲ್ವಾ, ಇಂತಿಷ್ಟು ಅಂತ ಊರೆಲ್ಲ ಸೇರಿ ತೀರ್ಮಾನ ಮಾಡಿರ್ತಾರೆ, ಕೊಡಲ್ಲ ಅಂದ್ರೆ ಮನೆ ಜಪ್ತಿ ಮಾಡೋಕಾಗುತ್ತಾ?’ ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕದಲ್ಲೂ ನನಗೆ ಅರ್ಥ ಆಗಿರಲಿಲ್ಲ. ಆಮದಿನ ಮೇಲೆ ನೂರಕ್ಕೆ ಐದರಂತೆ ಸುಂಕ ಹಾಕೋಕಾದ್ರೂ ಬಿಡಿ ಅಂತ 1781ರಲ್ಲಿ ಕಾಂಗ್ರೆಸ್ ಕೇಳ್ಕೊಂಡ್ರೆ ರೋಡ್ ಐಲೆಂಡ್ ಒಂದೇ ಒಂದು ಸಂಸ್ಥಾನ 1782ರಲ್ಲಿ ಆಗಲ್ಲ ಅಂತು, ಅಲ್ಲಿಗೆ ಕತೆ ಮುಗೀತು, ಯಾಕಂದ್ರೆ ಕರಾರು ತಿದ್ದೋಕೆ ಹದಿಮೂರರ ಒಮ್ಮತ ಬೇಕು. ವಂತಿಗೆಯಿಂದ ತೆರಿಗೆಗೆ ದಾಟೋಕೆ ಆಗಲೇ ಇಲ್ಲ. ಅದೇ ರೋಡ್ ಐಲೆಂಡ್ 1787ರ ಫಿಲಡೆಲ್ಫಿಯ ಸಭೆಗೂ ಯಾರನ್ನೂ ಕಳಿಸಲಿಲ್ಲ, ಅಲ್ಲಿ ಸೇರಿದವರೂ ಹುಷಾರು, ಒಮ್ಮತದ ಗೋಜೇ ಬೇಡ ಒಂಬತ್ತು ಸಂಸ್ಥಾನ ಒಪ್ಪಿದ್ರೆ ಸಾಕು ಅಂತ ಹೊಸ ಸಂವಿಧಾನದಲ್ಲೇ ಬರ್ಕೊಂಡ್ರು. 1788ರ ಜೂನಲ್ಲಿ ಒಂಬತ್ತನೇದು ನ್ಯೂ ಹ್ಯಾಂಪ್‌ಶೈರ್, ರೋಡ್ ಐಲೆಂಡ್ ಬಂದು ಸೇರಿದ್ದು 1790ರ ಮೇ ತಿಂಗಳಲ್ಲಿ.

ಈಗ ಎರಡನೇದಕ್ಕೆ, ಅಂದ್ರೆ ಫೆಡರಲ್‌ಗೆ. ಇಲ್ಲಿ ಇಂಗ್ಲಿಷ್‌ನವರದ್ದೇ ಗೋಜಲಿದೆ. ಫೆಡರಲ್, ಕಾನ್‌ಫೆಡರೇಶನ್ ಎರಡರ ಬೇರೂ ಲ್ಯಾಟಿನ್‌ನ ಫೀಡಸ್, ಅಂದ್ರೆ ಒಪ್ಪಂದ, ಸಂಧಿ. ಆ ಕಾಲದಲ್ಲಿ ಎರಡು ಪದಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ, ಗಟ್ಟಿ ಕೇಂದ್ರ ಬೇಕು ಅಂದವರು ಫೆಡರಲಿಸ್ಟ್ ಅಂತ ಹೆಸರಿಟ್ಕೊಂಡ್ರು, ಸಂಸ್ಥಾನಗಳ ಕೈ ಮೇಲಿರಬೇಕು ಅಂದವರಿಗೆ, ಅಂದ್ರೆ ಹಳೇ ಅರ್ಥದಲ್ಲಿ ನಿಜವಾದ ಫೆಡರಲ್ ಆಗಿದ್ದವರಿಗೆ, ಆಂಟಿ ಫೆಡರಲಿಸ್ಟ್ ಅನ್ನೋ ಹೆಸರು ಅಂಟ್ಕೊಳ್ತು. ಫಿಲಡೆಲ್ಫಿಯ ಸಭೆಯ ನಿರ್ಣಯದಲ್ಲಿ ಮೊದಲು ‘ನ್ಯಾಷನಲ್’ ಸರ್ಕಾರ ಅಂತಿತ್ತು, ಜೂನ್ 20ಕ್ಕೆ ಕನೆಕ್ಟಿಕಟ್‌ನ ಎಲ್ಸ್‌ವರ್ತ್ ಆ ಪದ ತೆಗೆಸಿದ್ರು. ಆ ಸಂವಿಧಾನ ರೂಪಿಸಿದವರಲ್ಲಿ ಮುಖ್ಯರಾದ ಮ್ಯಾಡಿಸನ್ ಅಂತೂ ಅದು ಪೂರ್ತಿ ನ್ಯಾಷನಲ್ಲೂ ಅಲ್ಲ ಪೂರ್ತಿ ಫೆಡರಲ್ಲೂ ಅಲ್ಲ, ಎರಡೂ ಬೆರೆತಿದೆ ಅಂದ್ರು. ಹೀಗಿದ್ದಾಗ ನಾವು ಕನ್ನಡದಲ್ಲಿ ಗೆರೆ ಹೊಡೆದ ಹಾಗೆ ಎರಡು ಪದ ಬೇಕು ಅಂತ ಹಟ ಮಾಡೋದು ಸರಿನಾ ಅನ್ನೋದೂ ಒಂದು ಪ್ರಶ್ನೆನೇ. ನಮ್ಮ ಹಳೇ ರಾಜ್ಯಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಸಂಯುಕ್ತ ಸರ್ಕಾರ ಅಂತಿರೋದು ನೋಡಿದ್ದೀನಿ, ನನಗೆ ಇಷ್ಟ, ಸಂಯುಕ್ತಾಕ್ಷರದಲ್ಲಿ ಎರಡಕ್ಷರ ಸೇರಿ ಒಂದಾದ್ರೂ ಎರಡೂ ಕಾಣುತ್ತಲ್ಲ ಹಾಗೆ.

ಸಂಧಿ ಅಂದೆನಲ್ಲ, ಅತ್ತೆಗೆ ಅಷ್ಟು ಸಿಕ್ಕಿದ್ದೇ ಸಾಕಾಯ್ತು. ಅವರ ಪ್ರಕಾರ 1781ರದ್ದು ಪ್ರಕೃತಿಭಾವ, ‘ಅಣ್ಣಾ ಓಡಿ ಬಾ’ ಅನ್ನೋ ಹಾಗೆ ಪಕ್ಕಪಕ್ಕ ಇದ್ರೂ ಯಾವ ಸ್ವರವೂ ಬಿಟ್ಟುಕೊಡಲ್ಲ. 1787ರದ್ದು ಲೋಪಸಂಧಿ, ‘ಊರು’ ‘ಅಲ್ಲಿ’ ಸೇರಿ ‘ಊರಲ್ಲಿ’ ಆಗಬೇಕಾದ್ರೆ ಒಂದು ಉಕಾರ ಹೋಗಲೇಬೇಕು. ಬಹಳ ಚೆನ್ನಾಗಿದೆ, ಆದ್ರೆ ಇಲ್ಲಿನ ಮಕ್ಕಳು ಇನ್ನೂ ಒತ್ತಕ್ಷರದಲ್ಲೇ ಇದ್ದಾರೆ.

ಅಧ್ಯಕ್ಷ ಅನ್ನೋದೂ ಸ್ವಲ್ಪ ನೋಡಿ. ವಾಷಿಂಗ್ಟನ್ ಮೊದಲ ಅಧ್ಯಕ್ಷ ಅಲ್ಲ, ಜಾನ್ ಹ್ಯಾನ್ಸನ್ ಅಂತ ಒಬ್ರಿದ್ರು ಅಂತ ವಾಟ್ಸಾಪಲ್ಲಿ ಬರ್ತಿರುತ್ತೆ. ಹ್ಯಾನ್ಸನ್ ಇದ್ದಿದ್ದು ನಿಜ, ಮೇರಿಲ್ಯಾಂಡಿನವರೇ, 1781ರ ನವೆಂಬರಲ್ಲಿ ಒಂದು ವರ್ಷಕ್ಕೆ ಆರಿಸಿದ್ರು, ಆದ್ರೆ ಅವರು ಕಾಂಗ್ರೆಸ್ ಸಭೆ ನಡೆಸೋ ಅಧ್ಯಕ್ಷರು, ಸರ್ಕಾರ ನಡೆಸೋರಲ್ಲ, ಆಗ ಅಂಥ ಹುದ್ದೆನೇ ಇರಲಿಲ್ಲ. ಸಭಾಧ್ಯಕ್ಷ ಅಂದ್ರೆ ನಮ್ಮ ವಿಧಾನಸಭೆ ಸ್ಪೀಕರ್, ಸಭಾಪತಿ ಅಂದ್ರೆ ಪರಿಷತ್ತಿನವರು, ಎರಡರಲ್ಲಿ ಯಾವುದಾದ್ರೂ ಆಗುತ್ತೆ. ಕಾಂಗ್ರೆಸ್ ಅನ್ನೋದನ್ನ ಮಾತ್ರ ಹಾಗೇ ಬಿಟ್ಟಿದ್ದೀನಿ, ಪಕ್ಷ ಅನ್ಕೋತಾರೋ ಕಡ್ಲೆಬೀಜ ಅನ್ಕೋತಾರೋ ಅವರಿಗೆ ಬಿಟ್ಟಿದ್ದು.

ಸಂಸ್ಥಾನವೋ ರಾಜ್ಯವೋ ಅನ್ನೋದಕ್ಕೆ ನನ್ನ ಓಟು ಸಂಸ್ಥಾನಕ್ಕೆ, ಕನಿಷ್ಠ 1789ರವರೆಗೆ. ಸಂಸ್ಥಾನ ಅಂದ್ರೆ ರಾಜ ಬೇಕಲ್ಲ ಅಂತ ನಮ್ಮ ಯಜಮಾನ್ರು, ಮೈಸೂರು ಸಂಸ್ಥಾನದ ಕಡೆಯವರು ಹಾಗನ್ನೋದು ಸಹಜ. (ಮೈಸೂರು ಅಂದ್ಮೇಲೆ ನೆನಪಾಯ್ತು, 1782ರಲ್ಲಿ ಪೆನ್ಸಿಲ್ವೇನಿಯದ ಪರವಾಗಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಜನರಲ್ ಮಂಕ್ ಅನ್ನೋ ಹಡಗನ್ನ ಸೆರೆಹಿಡಿದ ಹಡಗಿನ ಹೆಸರು ‘ಹೈದರ್ ಅಲಿ’, ನಮ್ಮ ಹೈದರಾಲಿಯದೇ.) ಆದ್ರೆ ನನಗೆ ಬಗೆಹರಿಯದೇ ಇರೋದು ಏಕವಚನ ಬಹುವಚನ. ನಾವು ಅಮೆರಿಕ ಸಂಯುಕ್ತ ಸಂಸ್ಥಾನ ಅಂತ ಒಂದನ್ನ ಮಾಡ್ಬಿಟ್ಟಿದ್ದೀವಿ. ಅವರ 1787ರ ಸಂವಿಧಾನದಲ್ಲೇ ದೇಶದ್ರೋಹ ಅಂದ್ರೆ ‘ಅವುಗಳ’ ಮೇಲೆ ಯುದ್ಧ ಹೂಡೋದು ಅಂತಿದೆ, ಗುಲಾಮಗಿರಿ ನಿಲ್ಲಿಸಿದ 1865ರ ತಿದ್ದುಪಡಿಯಲ್ಲೂ ‘ಅವುಗಳ’ ಅಧಿಕಾರಕ್ಕೊಳಪಟ್ಟ ಜಾಗ ಅಂತಾನೇ ಇದೆ. ಹಾಗಾದ್ರೆ ಸಂಯುಕ್ತ ಆದ್ಮೇಲೂ ‘ಸಂಸ್ಥಾನಗಳು’ ಅಂತಾನೇ ಬರೀಬೇಕಾ, ಅಥವಾ ಕನ್ನಡದಲ್ಲಿ ರೂಢಿಯಾಗಿರೋ ಏಕವಚನನೇ ಇಟ್ಕೊಂಡು 1781ಕ್ಕೆ ಮಾತ್ರ ‘ಗಳು’ ಹಚ್ಚಿದ್ರೆ ತಪ್ಪಾಗುತ್ತಾ? ಹಳೇ ಪಠ್ಯಪುಸ್ತಕ, ಹಳೇ ಪದಕೋಶ ಇಟ್ಕೊಂಡಿರೋರು ಕಾನ್‌ಫೆಡರೇಶನ್‌ಗೆ ಏನು ಕೊಟ್ಟಿದ್ದಾರೆ ಅಂತ ದಯವಿಟ್ಟು ನೋಡಿ ಹೇಳಿ.

ಭಾನುವಾರದೊಳಗೆ ತಿಳಿಸಿದ್ರೆ ಉಪಕಾರ. ಚಾರ್ಟ್ ಮೇಲೆ ಅತ್ತೆ ಆಗ್ಲೇ ಪೆನ್ಸಿಲಲ್ಲಿ ‘ಹದಿಮೂರು ಸಂಸ್ಥಾನಗಳ ಕೂಟದ ಕರಾರು’ ಅಂತ ಗುಂಡಗೆ ಬರೆದಿಟ್ಟಿದ್ದಾರೆ, ಮಗಳು ಶನಿವಾರ ರಾತ್ರಿ ಸ್ಕೆಚ್ ಪೆನ್ ಹಾಕ್ತಾಳಂತೆ.